ನೊಣ ಕಟ್ಟುವವರು

ಮೊದಲು ಬಂದದ್ದು ಹೆಬ್ಬೆರಳು.
ಅದರೊಳಗೆ ಗಾಳ, ಗಾಳಕ್ಕೆ ಅಂಟಿದ ಒದ್ದೆ ಪುಕ್ಕ,
ಆಮೇಲೆ ಮನುಷ್ಯ: ಹಮ್ದಾನ್, ಸೂರ್ ಕಡೆಯವನು,
ಬಿಳಿ ದಿಶ್‌ದಾಶಾದ ತೋಳಲ್ಲಿ ಮೂರು ಹನಿ ರಕ್ತ.
ಗಾಳವನ್ನು ಬಂದ ದಾರಿಯಲ್ಲಿ ಎಳೆಯಬಾರದು.
ಮುಂದಕ್ಕೇ ತಳ್ಳಿ, ಚರ್ಮದಾಚೆ ಮುಳ್ಳು ಕಂಡ ಮೇಲೆ
ಮುಳ್ಳನ್ನು ಕತ್ತರಿಸಿ, ಆಗ ಹಿಂದಕ್ಕೆ.
ಡಾಕ್ಟರು ತಳ್ಳಿದರು. ಕತ್ತರಿ ಕೊಟ್ಟವಳು ನಾನು.
"ಪುಕ್ಕ ಹಾಳಾಗದಂತೆ ನೋಡಿ ಸಿಸ್ಟರ್," ಅಂದ.
ಬೆರಳಿನ ಬಗ್ಗೆ ಏನೂ ಅನ್ನಲಿಲ್ಲ.

ಹೋಗುವಾಗ ಒಂದು ಪಾಸು ಕೊಟ್ಟ.
ಶನಿವಾರ, ಅಲ್ ಖುವೈರಿನ ಹೋಟೆಲು, ಎರಡನೇ ಮಹಡಿ.
ಮೀನು ಹಿಡಿಯುವವರ ಪ್ರದರ್ಶನ;
ಮೀನಿಲ್ಲ, ನೀರೂ ಇಲ್ಲ.

ನಮ್ಮೂರಲ್ಲಿ ನೊಣ ಹೊಡೆಯುವುದೆಂದರೆ
ಗಿರಾಕಿಯಿಲ್ಲದ ಅಂಗಡಿಯಲ್ಲಿ ಕೂತಿರುವುದು.
ಇಲ್ಲಿ ನೊಣ ಕಟ್ಟುತ್ತಾರೆ, ಬೆಳಗ್ಗೆ ಒಂಬತ್ತರಿಂದ,
ಕನ್ನಡಕದ ಮುಂದೊಂದು ಭೂತಗನ್ನಡಿ ಇಟ್ಟುಕೊಂಡು,
ಗಡ್ಡ ನೆರೆತ ಗಂಡಸರು.
ಪುಟ್ಟ ಇಕ್ಕುಳದ ಬಾಯಲ್ಲಿ ಬರಿಯ ಗಾಳ.
ಅದಕ್ಕೆ ನೂಲು ಸುತ್ತಿ, ಜಿಂಕೆಬಾಲದ ಕೂದಲು,
ನವಿಲುಗರಿಯ ಒಂದೇ ಒಂದು ಎಳೆ,
ಕೊನೆಗೆ ಹನಿ ಅಂಟು, ನೀಲಿ ದೀಪ.
ಏಡಿಗೂ ನೊಣ ಅನ್ನುತ್ತಾರೆ, ಸಿಗಡಿಗೂ ನೊಣ,
ಅಂಗೈಯುದ್ದದ ಬೈಗೆ ಮೀನಿಗೂ.

ಒಂದು ಮೇಜಿನಲ್ಲಿ ಹುಂಜದ ಕುತ್ತಿಗೆಗರಿ.
ಬೆಲೆಚೀಟಿ ಎರಡು ಸಲ ಓದಿದೆ: ನಲವತ್ತು ರಿಯಾಲು.
ಈ ಕೆಂಪು ನನಗೆ ಗೊತ್ತು.
ಗಂಗೊಳ್ಳಿಯಲ್ಲಿ ಕೋಳಿಪಡೆ ಮುಗಿದ ಬಯಲಲ್ಲಿ
ಗಾಳಿ ಇದನ್ನು ಬಿಟ್ಟಿ ಹಂಚುತ್ತಿತ್ತು.

ಉದ್ದನೆಯ ಜಮಖಾನದ ಮೇಲೆ ದಾರ ಬೀಸುವ ಪಾಠ.
ತುದಿಯಲ್ಲಿ ಗಾಳವಿಲ್ಲ, ಹಳದಿ ಉಣ್ಣೆಯ ಉಂಡೆ.
ಹಿಂದಕ್ಕೆ ಬೀಸು, ತಡೆ, ದಾರ ಬಿಚ್ಚಿಕೊಳ್ಳಲಿ,
ಈಗ ಮುಂದೆ.
ಎಲ್ಲ ಇರುವುದು ಆ ತಡೆಯಲ್ಲಿ, ಅಂದ ಹಮ್ದಾನ್
ಬ್ಯಾಂಡೇಜಿನ ಹೆಬ್ಬೆರಳೆತ್ತಿ.
ಉಣ್ಣೆ ಹೋಗಿ ಯಾರದೋ ಚಹಾ ಲೋಟದಲ್ಲಿ ಬಿತ್ತು.
ಚಪ್ಪಾಳೆ.

ಹಿಡಿದು ಏನು ಮಾಡ್ತೀರಿ?
ಬಿಡ್ತೀವಿ.
ಎಷ್ಟು ದೊಡ್ಡದಿದ್ದರೂ?
ದೊಡ್ಡದಾದಷ್ಟೂ ಮೆತ್ತಗೆ.

ಮೂವತ್ತು ವರ್ಷ ಮೀನುಬುಟ್ಟಿ ಹೊತ್ತ ಅಬ್ಬೆಗೆ
ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಹೇಳಿದೆ.
"ಬಿಡುದಾರೆ ಹಿಡುದೆಂತಕೆ ಮಾರಾಯ್ತಿ?"
ನನ್ನಲ್ಲಿ ಉತ್ತರವಿರಲಿಲ್ಲ.
ಶಾಲೆಯ ಭೂಪಟದಲ್ಲಿ ಮೊದಲ ಸಲ
'ಒಮಾನ್ ಕೊಲ್ಲಿ' ಅಂತ ಓದಿದಾಗ
ಯಾರನ್ನು? ಎಂದು ಕೇಳಿ ಬೈಸಿಕೊಂಡಿದ್ದೆ.
ಅದೇ ಕೊಲ್ಲಿಯ ದಂಡೆಯಲ್ಲಿ ಈಗ
ಕೊಲ್ಲದವರ ನಡುವೆ ನಿಂತಿದ್ದೇನೆ,
ಒಳಗೊಳಗೇ ಮೀನಿನ ಸಾರು ನೆನೆಯುತ್ತ.

ಹೊಸಬರ ಮೇಜಿಗೆ ಕೂರಿಸಿದರು.
ಇಪ್ಪತ್ತೆರಡು ವರ್ಷ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದೇನೆ,
ಗಂಟು ಹಾಕಿದವರು ಬೇರೆಯವರು.
ಪಕ್ಕದ ಮುದುಕ, ಕೇಪ್‌ಟೌನಿನವನು,
ನೈಲಾನು ದಾರ ಹಿಡಿದು ಹೇಳಿದ: ಇದು ಸರ್ಜನ್ ಗಂಟು.
ಗೊತ್ತು, ಅಂದೆ.
ಬೆರಳು ತಾನೇ ಹೋಯಿತು. ಎರಡು ಸುತ್ತು,
ಎಂಜಲು ಹಚ್ಚಿ, ಎಳೆದೆ.
ಯಾರೂ "ಸಿಸ್ಟರ್, ಕತ್ತರಿ" ಅನ್ನಲಿಲ್ಲ.
ಸ್ವಲ್ಪ ಹೊತ್ತು ಕೈ ಕಾದೇ ಇತ್ತು.

ನಾನು ಕಟ್ಟಿದ ನೊಣ ಸೊಟ್ಟ, ಒಂದು ಕಣ್ಣು ಮೇಲೆ.
ಹಮ್ದಾನ್ ಇಕ್ಕಳ ತಂದು ಅದರ ಮುಳ್ಳು ಹಿಸುಕಿದ,
ಕಿರ್ ಅಂತ.
ಈಗ ಮೀನೂ ಬಿಡಿಸಿಕೊಳ್ಳಬಹುದು, ಬೆರಳೂ.
ಮತ್ತೆ ನಿನ್ನದನ್ನು ಯಾಕೆ ಹಿಸುಕಿರಲಿಲ್ಲ?
ಅವಸರ, ಅಂದ. ಮೀನು ಕಂಡಿತ್ತು.

ಭಾನುವಾರ ದೊಡ್ಡ ಥಿಯೇಟರಿನಲ್ಲಿ ಪಾಳಿ.
ಹೊಟ್ಟೆ ಮುಚ್ಚುವ ಮೊದಲು ಲೆಕ್ಕ ನನ್ನದು:
ಬಟ್ಟೆ ಇಪ್ಪತ್ತು, ಸರಿ.
ಸೂಜಿ ಏಳು, ಸರಿ.
ಹೊರಗೆ ಲಾಕರಿನಲ್ಲಿ, ಚೂರು ಹತ್ತಿಯ ಮೇಲೆ
ಸೊಟ್ಟಗಣ್ಣಿನದೊಂದು.
ಅದನ್ನು ಕೂಡಿಸಲಿಲ್ಲ.